ಹಸಿರು ಬಳಿದ ಪೆಟ್ಟಿಗೆಗಳು

ಫೆಬ್ರವರಿ ೪

ಕಡ್ಡಿ,

ನಿನ್ನೆ ನಮ್ಮ ಜೇನುಪೆಟ್ಟಿಗೆಗಳೆಲ್ಲ ಕಳುವಾದವು. ಹಣ್ಣಿನ ತೋಟದ ಅಂಚಿನಲ್ಲಿ ನಲವತ್ತು ಪೆಟ್ಟಿಗೆ ಇಟ್ಟಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆ ಇದ್ದಲ್ಲೆಲ್ಲ ಬಿಸಿಲು ಕಾಣದ ಹಳದಿ ಹುಲ್ಲು ಮಾತ್ರ ಇತ್ತು, ಪಕ್ಕದಲ್ಲಿ ಲಾರಿ ಚಕ್ರದ ಜಾಡು. ನನಗೆ ಏನೂ ಆಗಿಲ್ಲ. ಊಟ ಮಾಡಿದ್ದೇನೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನಿನಲ್ಲಿ ನಾನು ಕಿವುಡ, ಕಾಗದದಲ್ಲಿ ಅಲ್ಲ. ಅದೂ ಅಲ್ಲದೆ ಸಿಟ್ಟು ಬಂದಾಗ ಒತ್ತಿ ಬರೆಯಲಿಕ್ಕೆ ಏನಾದರೂ ಬೇಕು.

ಠಾಣೆಗೆ ಹೋಗಿದ್ದೆ. ಬರೆದುಕೊಳ್ಳುವವನು ತಲೆ ಎತ್ತದೆ, "ಯಜಮಾನ್ರೇ, ಹುಳ ಅಲ್ವಾ? ಹಾರೋಗಿರ್ತವೆ ಬಿಡಿ" ಅಂದ. "ಹುಳ ಹಾರುತ್ತಪ್ಪಾ, ಪೆಟ್ಟಿಗೆ ಹಾರುತ್ತಾ?" ಅಂದೆ. ಆಗ ತಲೆ ಎತ್ತಿದ. ಸಿಕ್ಕರೆ ಕಳ್ಳನಿಗೆ ಏನು ಶಿಕ್ಷೆ ಅಂತ ಕೇಳಿದೆ. ಸೈಕಲ್ ಕದ್ದವನಿಗೆ ಎಷ್ಟೋ ಅಷ್ಟೇ ಅಂತೆ. ಒಂದು ಸೈಕಲ್ ಕದ್ದವನೂ ನಲವತ್ತು ಸಂಸಾರ ಎತ್ತಿಕೊಂಡು ಹೋದವನೂ ಒಂದೇ! ನೀನು ಕಾನೂನು ಬರೆಯುವ ಕಚೇರಿಯಲ್ಲಿ ಕೂತು ಏನು ಮಾಡುತ್ತಿದ್ದೀಯೆ ಮಗಳೇ?

ಇನ್ನೊಂದು ಮಾತು. ನೆಲದ ಮೇಲೆ ಒಂದೇ ಒಂದು ಸತ್ತ ಹುಳ ಇರಲಿಲ್ಲ. ಪೆಟ್ಟಿಗೆಗಳ ಬಾಯಿಗೆ ಜಾಲರಿ ಹಾಕಿ, ಅಲುಗಿಸದೆ, ಎತ್ತಿ ಇಟ್ಟಿದ್ದಾರೆ. ಇದು ಕೆಲಸ ಗೊತ್ತಿದ್ದವರ ಕೈ. ಈ ಸುತ್ತಿನಲ್ಲಿ ಹಾಗೆ ಎತ್ತಬಲ್ಲವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನಿನ್ನ ಮಾವ. ನಿನ್ನಮ್ಮ ತೀರಿಕೊಂಡ ವರ್ಷವೇ 'ಅಕ್ಕನ ಪಾಲು' ಅಂತ ಪೆಟ್ಟಿಗೆಗಳಲ್ಲಿ ಅರ್ಧ ಹೊತ್ತುಕೊಂಡು ಹೋದ ಮಹಾನುಭಾವ. ಉಳಿದರ್ಧ ಯಾವಾಗ ಅಂತ ಕಾಯುತ್ತಿದ್ದ ಅನ್ನಿಸುತ್ತದೆ.

ನಾನು ಯಾರ ಹೆಸರನ್ನೂ ಠಾಣೆಯಲ್ಲಿ ಹೇಳಲಿಲ್ಲ. ನಿನಗೆ ಹೇಳಿದ್ದೇನೆ, ಅಷ್ಟೇ.

ಅಪ್ಪ


ಫೆಬ್ರವರಿ ೧೩

ಅಪ್ಪಾ,

ನಿನ್ನ ಕಾಗದ ಓದಿ ಅಳು ಬಂತು. ಅದಾಗಿ ಒಂದು ಗಂಟೆಗೆ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಏನು ಅಂತ ಹೇಳಿದರೆ ನೀನು ನಂಬುವುದಿಲ್ಲ.

ಮೊದಲು ಮಾವನ ವಿಷಯ. ಮಾವ ಕದಿಯುವವರಲ್ಲ. ನೀನು ಅವರ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು, ಮಾತು ಬಿಟ್ಟವರು ಕಳ್ಳರಾಗಿ ಕಾಣುವುದು ಸುಲಭ. ಇದನ್ನು ಇಲ್ಲಿಗೆ ಬಿಡುತ್ತೇನೆ.

ಈಗ ಕೇಳು. ಗೋದಾಮುಗಳನ್ನೇ ಬರಿದು ಮಾಡುವುದು, ತಾಮ್ರದ ತಂತಿ, ದನ, ಔಷಧಿ ಎಲ್ಲವನ್ನೂ ಲಾರಿಗಟ್ಟಲೆ ಎತ್ತುವುದು ಈ ವರ್ಷ ರಾಜ್ಯದಲ್ಲಿ ವಿಪರೀತವಾಗಿದೆ. ಅದಕ್ಕೆ ಹೊಸ ಕಾನೂನು ಬರುತ್ತಿದೆ: ಬೃಹತ್ ಪ್ರಮಾಣದ ಸ್ವತ್ತು ಕಳವಿಗೆ ಶಿಕ್ಷೆ ಮೂರು ವರ್ಷದಿಂದ ಹತ್ತಕ್ಕೆ ಏರುತ್ತದೆ. ಇಬ್ಬರು ಸೇರಿ ಮಾಡಿದರೆ, ವಾಹನ ಬಳಸಿದರೆ, ಕಡಿಮೆ ಮಾಡಲು ನ್ಯಾಯಾಧೀಶರಿಗೂ ಅಧಿಕಾರವಿಲ್ಲ. ಕರಡು ಬರೆಯುವವರು ಯಾರು? ನಾನು! ಇಷ್ಟು ವರ್ಷ ಬೇರೆಯವರ ಮಸೂದೆಗೆ ಕಲಂ ಸಂಖ್ಯೆ ಹಾಕಿಕೊಂಡು ಕೂತಿದ್ದೆ. ಇದು ಮೊದಲ ಅಕ್ಷರದಿಂದ ನನ್ನದು.

ನಮ್ಮ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ 'ಅಲ್ಪವಿರಾಮ' ಅನ್ನುತ್ತೇವೆ, ಇಡೀ ಬೆಳಿಗ್ಗೆಯನ್ನು ಒಂದು ಅಲ್ಪವಿರಾಮದ ಮೇಲೆ ಕಳೆಯಬಲ್ಲರು. ಕಡತ ಕೊಡುತ್ತಾ ಅಂದರು: "ನೋಡಮ್ಮಾ, ಒಂದು ಪದ ಜಾಸ್ತಿ ಆದ್ರೆ ವಕೀಲನ ಹೊಟ್ಟೆ ತುಂಬುತ್ತೆ. ಒಂದು ಪದ ಕಮ್ಮಿ ಆದ್ರೆ ಜೈಲು ತುಂಬುತ್ತೆ. ಹುಷಾರು."

'ಸ್ವತ್ತು' ಅಂದರೆ ಏನೇನು ಎಂಬ ವಿವರಣೆಯಲ್ಲಿ ಜಾನುವಾರು ಎಂಬುದರ ಪಕ್ಕದಲ್ಲಿ 'ಜೇನುಪೆಟ್ಟಿಗೆಗಳು, ಹುಳಗಳ ಸಮೇತ' ಅಂತ ಸೇರಿಸಿದೆ. ಅಲ್ಪವಿರಾಮ ಕನ್ನಡಕ ಮೇಲೆತ್ತಿ, "ಇದು ಯಾಕೆ?" ಅಂದರು. "ಅವಕ್ಕೂ ಮನೆ ಇದೆ ಸಾರ್" ಅಂದೆ. ಒಂದು ಅಲ್ಪವಿರಾಮ ಹಾಕಿ ಕೊಟ್ಟರು.

ಅಮ್ಮ ರಾಣಿಹುಳಕ್ಕೆ ಗುರುತು ಹಾಕುತ್ತಿದ್ದದ್ದು ನೆನಪಾಯಿತು. ನಾನು ಉಗುರುಬಣ್ಣದ ಶೀಷೆ ಹಿಡಿದು ನಿಲ್ಲುತ್ತಿದ್ದೆ, ಅಮ್ಮ ಬೆಂಕಿಕಡ್ಡಿ ಅದ್ದಿ ರಾಣಿಯ ಬೆನ್ನಿಗೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದಳು, ಅಷ್ಟು ಹುಳಗಳ ನಡುವೆ ಥಟ್ಟನೆ ಕಾಣಲಿ ಅಂತ. ನೀನು ಆಮೇಲೆ ಯಾಕೆ ನಿಲ್ಲಿಸಿದೆ?

ಕರಡು ಜೊತೆಗಿಟ್ಟಿದ್ದೇನೆ. ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿದೆ, ಗುಟ್ಟೇನೂ ಇಲ್ಲ. ಓದಿ ಹೇಳು.

ಕಡ್ಡಿ


ಫೆಬ್ರವರಿ ೨೦

ಕಡ್ಡಿ,

ಓದಿದೆ. ಎರಡು ಸಲ ಓದಿದೆ. ಆಮೇಲೆ ಮೌನಿಗೂ ಓದಿ ಹೇಳಿದೆ. ಪಕ್ಕದ ಮನೆಯ ಲಾರಿಯವನು ನಿನಗೆ ಗೊತ್ತಲ್ಲ. ನಿದ್ದೆಯಲ್ಲೂ ಬಾಯಿ ಮುಚ್ಚದವನಿಗೆ ಆ ಹೆಸರಿಟ್ಟವರು ಯಾರೋ, ಪುಣ್ಯಾತ್ಮರು. ಕಲಂ ಕಲಮಿಗೂ "ಹಾಕ್ರೀ ಹಾಕ್ರೀ, ಇನ್ನೂ ಎರಡು ವರ್ಷ ಹಾಕ್ರೀ" ಅನ್ನುತ್ತಿದ್ದ, ಅಡುಗೆಗೆ ಉಪ್ಪು ಹಾಕಿದ ಹಾಗೆ.

ಎಲ್ಲ ಚೆನ್ನಾಗಿದೆ. ಜೇನುಪೆಟ್ಟಿಗೆ ಸೇರಿಸಿದ್ದು ನೋಡಿ ಎದೆ ಉಬ್ಬಿತು. ಆದರೆ ಆರನೇ ಕಲಮಿನ ಕೊನೆಯಲ್ಲಿ ಇದೇನು ಬರೆದಿದ್ದೀಯೆ? 'ಸ್ವತ್ತು ತನ್ನದೇ ಎಂದು ಪ್ರಾಮಾಣಿಕವಾಗಿ ನಂಬಿ ತೆಗೆದುಕೊಂಡವನಿಗೆ ಈ ಕಲಂ ಅನ್ವಯಿಸತಕ್ಕದ್ದಲ್ಲ.' ಕೋಟೆ ಕಟ್ಟಿ ಹಿಂದಿನ ದಿಡ್ಡಿ ಬಾಗಿಲು ತೆರೆದಿಟ್ಟ ಹಾಗಾಯಿತು! ಕಳ್ಳನಿಗೊಂದು ಪಿಳ್ಳೆ ನೆವ ಸಾಕು. ನಾಳೆ ನನ್ನ ಪೆಟ್ಟಿಗೆ ಕದ್ದವನು ಸಿಕ್ಕಿಬಿದ್ದರೆ ಮೊದಲು ಹೇಳುವ ಮಾತು ಏನು? "ನಂದೇ ಅನ್ಕೊಂಡೆ ಸ್ವಾಮೀ." ಅವನು ಏನಂದುಕೊಂಡ ಅಂತ ಯಾರು ಅವನ ತಲೆ ತೆರೆದು ನೋಡುತ್ತಾರೆ? ಬೇರೆಯವರ ಪೆಟ್ಟಿಗೆ ಮುಟ್ಟಿದೆಯೋ, ಮುಟ್ಟಿದೆ. ಮುಗಿಯಿತು. ಯಾರದು ಅಂತ ಖಾತ್ರಿ ಮಾಡಿಕೊಳ್ಳದೆ ಯಾಕೆ ಎತ್ತಿದೆ?

ಆ ವಾಕ್ಯ ತೆಗೆಸು. ಇದು ಅಪ್ಪನ ಮಾತು ಅಂತ ಅಲ್ಲ, ಕಳಕೊಂಡವನ ಮಾತು ಅಂತ ಕೇಳು.

ರಾಣಿಗೆ ಚುಕ್ಕೆ ಇಡುವುದಕ್ಕೆ ಕೈ ಹಗುರ ಇರಬೇಕು. ನಿಮ್ಮಮ್ಮನಿಗೆ ಇತ್ತು.

ಅಪ್ಪ


ಮಾರ್ಚ್ ೧೮

ಅಪ್ಪಾ!

ಪಾಸಾಯಿತು! ಇವತ್ತು ಮಧ್ಯಾಹ್ನ ಪಾಸಾಯಿತು. ಮೇಲಿನ ಗ್ಯಾಲರಿಯಲ್ಲಿ ಅಧಿಕಾರಿಗಳಿಗೆಂದು ಇಟ್ಟ ಬೆಂಚಿನ ಮೇಲೆ ಕೂತು, ನಾನು ಬರೆದ ವಾಕ್ಯಗಳನ್ನು ಸಭಾಧ್ಯಕ್ಷರು ಒಂದೊಂದಾಗಿ ಓದುವುದನ್ನು ಕೇಳಿದೆ. "ಪರವಾಗಿರುವವರು" ಅಂದಾಗ ಎದ್ದ ಸದ್ದು, ಅಪ್ಪಾ, ಒಂದು ಜೇನುಗೂಡಿನ ಮೇಲೆ ತಟ್ಟಿದರೆ ಏಳುತ್ತದಲ್ಲ, ಅದೇ ಸದ್ದು.

ನಿನಗೊಂದು ವಿಷಯ ಹೇಳಬೇಕು. ಆರನೇ ಕಲಮಿನ ವಾಕ್ಯದ ಬಗ್ಗೆ ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ಮಸೂದೆ ತಂದ ಶಾಸಕಿ ಮೊದಲು ಶಾಲೆಯಲ್ಲಿ ಆಟ ಕಲಿಸುತ್ತಿದ್ದವರು, ಈಗಲೂ ಸೀಟಿ ಊದಿದ ಹಾಗೇ ಮಾತಾಡುತ್ತಾರೆ. "ಸಾಮಾನ್ಯ ಜನ ಏನ್ ಹೇಳ್ತಾರ್ರೀ? ಅದು ಬೇಕು ನಂಗೆ" ಅಂದರು. ಬಂದ ಅಭಿಪ್ರಾಯಗಳಲ್ಲಿ ನಿನ್ನ ಕಾಗದವೂ ಇತ್ತು, ನಾನೇ ಸೇರಿಸಿದ್ದೆ. 'ಒಬ್ಬ ಜೇನು ಸಾಕಣೆದಾರರು ಹೀಗೆ ಬರೆದಿದ್ದಾರೆ' ಅಂತ ಓದಿದೆ. ಪಿಳ್ಳೆ ನೆವಕ್ಕೆ ಬಂದಾಗ ಎಲ್ಲರೂ ನಕ್ಕರು. 'ಯಾರದು ಅಂತ ಖಾತ್ರಿ ಮಾಡಿಕೊಳ್ಳದೆ ಯಾಕೆ ಎತ್ತಿದೆ' ಅಂದಾಗ ಯಾರೂ ನಗಲಿಲ್ಲ. ಶಾಸಕಿ ಮೇಜು ಕುಟ್ಟಿ, "ತೆಗೀರಿ ಆ ವಾಕ್ಯ!" ಅಂದರು. ತೆಗೆದೆವು.

ಅಲ್ಪವಿರಾಮ ಮಾತ್ರ ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು, "ಒಂದು ವಾಕ್ಯ ಕಮ್ಮಿ ಆಯ್ತಲ್ಲಮ್ಮಾ" ಅಂದರು. ಸಂತೋಷದ ಹೊತ್ತಿನಲ್ಲಿ ಅವರು ಯಾವಾಗಲೂ ಹಾಗೇ. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಏಪ್ರಿಲ್ ಹತ್ತರಿಂದ ಜಾರಿ. ಕಚೇರಿಯಲ್ಲಿ ನನಗೆ ಕೇಕು ತರಿಸಿದ್ದರು. ಒಂದು ತುಂಡು ನಿನ್ನ ಹೆಸರಲ್ಲಿ ತಿಂದೆ. ಅರ್ಧ ಕಾನೂನು ನಿನ್ನದೇ ಅಲ್ಲವೇ?

ಕಡ್ಡಿ


ಏಪ್ರಿಲ್ ೧೪

ಕಡ್ಡಿ, ಕಡ್ಡಿ, ಸಿಕ್ಕಿತು!

ಪೆಟ್ಟಿಗೆಗಳು ಸಿಕ್ಕವು. ಎಲ್ಲವೂ ಅಲ್ಲ, ಹತ್ತಿರ ಹತ್ತಿರ ಮೂವತ್ತು. ಈಗ ನಮ್ಮ ಅಂಗಳದಲ್ಲಿವೆ. ನಾನು ಬರೆಯುತ್ತಾ ಬರೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೇನೆ. ಕೂರಲಿಕ್ಕೇ ಆಗುತ್ತಿಲ್ಲ!

ಹೇಗೆ ಅಂತ ಕೇಳು. ಮೌನಿ ಗುಡ್ಡದ ಆಚೆ ಮರಳು ಹಾಕಿ ಬರುವಾಗ ಒಂದು ಸೂರ್ಯಕಾಂತಿ ಹೊಲದ ಬದಿಯಲ್ಲಿ ಸಾಲಾಗಿ ಪೆಟ್ಟಿಗೆ ನೋಡಿದನಂತೆ. "ನಿಮ್ಮ ಪೆಟ್ಟಿಗೆ ಥರಾನೇ ಇವೆ, ಆದ್ರೆ ಹಸಿರು" ಅಂದ. ಹೊಲ ಯಾರು ಗೇಣಿಗೆ ಹಿಡಿದಿದ್ದಾರೆ? ನಿನ್ನ ಮಾವ. ನಿನ್ನೆ ಮಧ್ಯಾಹ್ನವೇ ಇಬ್ಬರೂ ಹೋದೆವು. ಅವನು ಪೇಟೆಗೆ ಹೋಗಿದ್ದ. ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದೆ. ಹಸಿರಿನ ಕೆಳಗೆ ಏನು? ನೀಲಿ! ನಿಮ್ಮಮ್ಮ ಆರಿಸಿದ ಅದೇ ನೀಲಿ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ತಳದ ಹಲಗೆಗೆ ಮೊಳೆ ಇಲ್ಲ, ಮರದ ಗೂಟ. ಈ ಲೋಕದಲ್ಲಿ ಪೆಟ್ಟಿಗೆಗೆ ಮರದ ಗೂಟ ಹೊಡೆಯುವವನು ನಾನೊಬ್ಬನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲಿಗೆ ಬಣ್ಣವನ್ನೇ ಬಳಿದುಕೊಂಡಿದ್ದಾನೆ!

ನೀನು ಹೇಳುತ್ತೀಯೆ, ಹಿಂದೆ ಒಯ್ದ ಅರ್ಧವೂ ನೀಲಿಯೇ ಅಲ್ಲವೇ ಅಂತ. ಅವು ಎಂದೋ ಒಲೆಗೆ ಹೋಗಿರುತ್ತವೆ ಮಗಳೇ. ಹನ್ನೊಂದು ವರ್ಷ ಪೆಟ್ಟಿಗೆ ಕಾಪಾಡುವ ತಾಳ್ಮೆ ಅವನಿಗೆ ಎಲ್ಲಿದೆ? ಒಂದು ಗಡಿಯಾರಕ್ಕೆ ಕೀಲಿ ಕೊಡಲು ನೆನಪಿರುತ್ತಿರಲಿಲ್ಲ.

ಸಂಜೆಯಾಗುವವರೆಗೆ ಕಾದೆವು. ಹುಳಗಳೆಲ್ಲ ಗೂಡು ಸೇರಿದ ಮೇಲೆ ಜಾಲರಿ ಹಾಕಿ ಒಂದೊಂದಾಗಿ ಲಾರಿಗೆ ಏರಿಸಿದೆವು. ಮೌನಿ ಉದ್ದಕ್ಕೂ ಮಾತಾಡುತ್ತಲೇ ಇದ್ದ: "ನಿಧಾನ ನಿಧಾನ, ಅಮ್ಮಾವ್ರೇ ಕಚ್ಚಬೇಡ್ರೀ, ನಿಮ್ಮನೇಗೇ ಕರ್ಕೊಂಡೋಗ್ತಾ ಇದೀವಿ." ನಾನೇ ನಲವತ್ತು ವರ್ಷ ಚಿಕ್ಕವನಾದ ಹಾಗೆ ಲಾರಿ ಹತ್ತಿ ಇಳಿದೆ. ಒಂದು ಹುಳ ಕಿವಿಗೆ ಕಚ್ಚಿತು. ಜೇನು ಕಿತ್ತವನು ಕೈ ನೆಕ್ಕುತ್ತಾನೆ, ನಾನು ಕಿವಿ ಉಜ್ಜಿಕೊಂಡೆ.

ಒಳಗೆ ಇನ್ನೂ ನೋಡಿಲ್ಲ. ಪ್ರಯಾಣ ಮಾಡಿದ ಹುಳಕ್ಕೆ ಹತ್ತು ದಿನ ಮುಚ್ಚಳ ತೆಗೆಯಬಾರದು, ಅದು ನನ್ನ ಹಳೆಯ ನಿಯಮ. ಆದರೆ ಸದ್ದು ಕೇಳಿದರೆ ಸಾಕು. ನನ್ನ ಹುಳದ ಸದ್ದು ನನಗೆ ಗೊತ್ತಿಲ್ಲವೇ?

ಅವನ ಮೇಲೆ ದೂರು ಕೊಡುವುದಿಲ್ಲ. ನಿಮ್ಮಮ್ಮನ ತಮ್ಮ, ಹೋಗಲಿ. ಬೆಳಿಗ್ಗೆ ಎದ್ದು ಖಾಲಿ ಜಾಗ ನೋಡಲಿ, ಅದೇ ಶಿಕ್ಷೆ.

ಅಪ್ಪ


ಏಪ್ರಿಲ್ ೧೭

ನನ್ನ ಸೊಸೆ ಕಡ್ಡಿಗೆ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾನೂನಿಗೆ ಬೋಣಿ ನನ್ನಿಂದಲೇ ಆಯಿತು ಮಾರಾಯ್ತಿ! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸರದಿಯ ಮೇಲೆ ಮಾಡುತ್ತಿದ್ದೇನೆ. ಸೋಮವಾರ ಪೇಟೆಯಿಂದ ಕತ್ತಲಾದ ಮೇಲೆ ಬಂದು ಮಲಗಿದೆ. ಬೆಳಿಗ್ಗೆ ಹೊಲಕ್ಕೆ ಹೋದರೆ ನನ್ನ ಪೆಟ್ಟಿಗೆಗಳೇ ಇಲ್ಲ. ಒಂದೂ ಇಲ್ಲ.

ಠಾಣೆಗೆ ಓಡಿದೆ. ಇನ್ಸ್‌ಪೆಕ್ಟರ್ ಹೊಸಬ, ಚುರುಕು. ನಿನ್ನ ಕಾನೂನಿನ ಪುಸ್ತಕ ಇನ್ನೂ ಅಚ್ಚಿನ ವಾಸನೆ ಹೊಡೆಯುತ್ತಾ ಅವನ ಮೇಜಿನ ಮೇಲೆ ಇತ್ತು. ತೆರೆದು, "ಜೇನುಪೆಟ್ಟಿಗೆಗಳು, ಹುಳಗಳ ಸಮೇತ. ಆಹಾ, ಎಷ್ಟು ಸ್ಪಷ್ಟವಾಗಿ ಬರ್ದಿದಾರೆ ಸಾರ್!" ಅಂದ. "ಬರ್ದೋಳು ನಮ್ಮಕ್ಕನ ಮಗಳು ಕಣಯ್ಯಾ" ಅಂದೆ. ಎದ್ದು ನಿಂತು ಕುರ್ಚಿ ಕೊಟ್ಟ. ರಾಜ್ಯದಲ್ಲೇ ಈ ಕಾನೂನಿನಡಿ ಇದೇ ಮೊದಲ ಕೇಸು ಅಂತೆ. ಹುಡುಗನಿಗೆ ಹಬ್ಬ. "ಇಬ್ಬರು, ವಾಹನ, ಮೌಲ್ಯ ಎಲ್ಲ ಸೇರುತ್ತೆ. ಹತ್ತು ವರ್ಷಕ್ಕೆ ಒಂದು ದಿನ ಕಮ್ಮಿ ಇಲ್ಲ" ಅಂತ ಬೆರಳು ಮಡಿಚಿ ತೋರಿಸಿದ.

ಸುಳಿವೂ ಸಿಕ್ಕಿದೆ. ಹೊಲದೊಡತಿ ಸಂಜೆ ದೂರದಿಂದ ಲಾರಿ ನೋಡಿದ್ದಾಳೆ. ನಾನೇ ಯಾರನ್ನೋ ಕಳಿಸಿರಬೇಕು ಅಂದುಕೊಂಡಳಂತೆ, ಯಾಕೆಂದರೆ ಲಾರಿಯವನು ಒಂದು ಗಳಿಗೆ ಬಾಯಿ ಮುಚ್ಚದೆ ಹುಳಗಳ ಜೊತೆ ಮಾತಾಡುತ್ತಿದ್ದನಂತೆ! ಅಂಥ ವಾಚಾಳಿ ಕಳ್ಳನನ್ನು ಹುಡುಕುವುದು ಎಷ್ಟು ಹೊತ್ತಿನ ಕೆಲಸ ಅನ್ನುತ್ತಾನೆ ಇನ್ಸ್‌ಪೆಕ್ಟರ್. ಗುಡ್ಡದ ಆಚೀಚೆ ಎಲ್ಲ ಲಾರಿಯವರನ್ನೂ ವಿಚಾರಿಸುತ್ತಿದ್ದಾರೆ.

ನನಗೆ ನೋವಾದದ್ದು ಒಂದಕ್ಕೆ. ಅವು ಅಕ್ಕನ ಪೆಟ್ಟಿಗೆಗಳು. ಭಾವನೂ ನಾನೂ ಸೇರಿ ಗೂಟ ಹೊಡೆದು ಮಾಡಿದವು. ಒಂದು ಹಲಗೆ ಹಾಳಾದರೆ ಅದೇ ಅಳತೆಯ ಹಲಗೆ ಕೂರಿಸಿ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಫೆಬ್ರವರಿಯಲ್ಲಿ ಭಾವನವು ಕಳುವಾದದ್ದು ಕೇಳಿದ ಮೇಲೆ ನಿದ್ದೆ ಬರಲಿಲ್ಲ. ನನ್ನ ಹತ್ತಿರ ಇರುವುದೂ ಅದೇ ನೀಲಿ, ಅದೇ ಗೂಟ. ಯಾರಾದರೂ ನೋಡಿ ನಾನೇ ಕದ್ದೆ ಅಂದರೆ? ಭಾವನೇ ಅಂದರೆ? ಅದಕ್ಕೇ ಮನಸ್ಸಿಲ್ಲದಿದ್ದರೂ ಎಲ್ಲಕ್ಕೂ ಹಸಿರು ಬಳಿದೆ. ನನ್ನವು ಬೇರೆ, ಭಾವನವು ಬೇರೆ ಅಂತ ನೂರು ಹೆಜ್ಜೆ ದೂರದಿಂದಲೇ ಗೊತ್ತಾಗಲಿ ಅಂತ.

ಈಗ ಇಬ್ಬರದೂ ಹೋಯಿತಲ್ಲ, ಭಾವ ಇನ್ನಾದರೂ ನನ್ನ ಮೇಲಿನ ಗುಮಾನಿ ಬಿಟ್ಟಾರು. ಒಂದು ಮಾತು ಹೇಳಿ ನೋಡು. ನಾನು ಹೇಳಿದೆ ಅಂತ ಬೇಡ.

ಉಗುರುಬಣ್ಣ ಈ ವರ್ಷ ಕಳಿಸಬೇಡ. ಹಚ್ಚಲಿಕ್ಕೆ ರಾಣಿಯರೇ ಇಲ್ಲ.

ನಿನ್ನ ಮಾವ


ಏಪ್ರಿಲ್ ೨೦

ಅಪ್ಪಾ,

ಎರಡು ಕಾಗದಗಳು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇವೆ. ಒಂದು ನಿನ್ನದು. ಇನ್ನೊಂದು ಮಾವನದು, ಜೊತೆಗಿಟ್ಟಿದ್ದೇನೆ. ಮೊದಲು ಅದನ್ನು ಓದು. ಓದಿದೆಯಾ?

ಫೋನ್ ಮಾಡಿದ್ದೆ. ಮೌನಿ ಎತ್ತಿದರು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಪೆಟ್ಟಿಗೆ ತಂದ ಕಥೆಯನ್ನು ಮೊದಲಿಂದ ಹೇಳಿ, "ಯಜಮಾನ್ರು ಬಹಳ ಖುಷಿಯಾಗವ್ರೆ ತಾಯೀ" ಅಂತ ಇಟ್ಟುಬಿಟ್ಟರು. ಈ ಕಥೆಯನ್ನು ಅವರು ಇನ್ನೂ ಎಷ್ಟು ಜನರಿಗೆ ಹೇಳಿದ್ದಾರೋ!

ಹತ್ತು ದಿನದ ನಿಯಮ ಬಿಡು. ಒಂದು ಪೆಟ್ಟಿಗೆ ತೆರೆದು ರಾಣಿಯನ್ನು ನೋಡು. ನಾನು ವರ್ಷಕ್ಕೊಮ್ಮೆ ಮಾವನಿಗೆ ಒಂದು ಶೀಷೆ ಉಗುರುಬಣ್ಣ ಕಳಿಸುತ್ತೇನೆ, ಅಮ್ಮ ಹಚ್ಚುತ್ತಿದ್ದ ಅದೇ ಕೆಂಪು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗ ಕಾನೂನಿನ ಮಾತು. ಹಳೆಯ ಕಾನೂನಿನಲ್ಲಿ ನೀನು ಕಳ್ಳನೇ ಅಲ್ಲ. ನನ್ನದೇ ಅಂದುಕೊಂಡೆ ಅಂದರೆ ಸಾಕಿತ್ತು. ಹೊಸದರಲ್ಲಿ ಆ ವಾಕ್ಯ ಇಲ್ಲ. ನೀನು ತೆಗೆಸಿದೆ, ನಾನು ಓದಿದೆ, ಅವರು ತೆಗೆದರು. ಹತ್ತು ವರ್ಷ, ಅಪ್ಪಾ. ನಿನಗೆ ಅರವತ್ತೆಂಟು. ಮೌನಿಗೂ ಅಷ್ಟೇ ಶಿಕ್ಷೆ, ಅವರದು ಬರೀ ಸ್ಟೀರಿಂಗ್ ಹಿಡಿದ ತಪ್ಪಾದರೂ.

ಇನ್ನೊಂದು ಇದೆ. ಬರೆಯಲೋ ಬೇಡವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ಕಾನೂನು ಅಚ್ಚಾದ ಮೇಲೆ ಮುದ್ರಣದೋಷಗಳ ಒಂದು ಪಟ್ಟಿ ಹೊರಡಿಸುತ್ತೇವೆ. ಕೈತಪ್ಪಿದ ಅಕ್ಷರ, ಬಿಟ್ಟುಹೋದ ಪದ, ಇಂಥವು. ಅದಕ್ಕೆ ಸದನ ಬೇಡ, ಮತ ಬೇಡ. ಮೊದಲ ದಿನದಿಂದಲೇ ಹಾಗಿತ್ತು ಎಂದು ಲೆಕ್ಕ. ಆ ಪಟ್ಟಿ ಮಾಡುವವಳು ನಾನು. ಆರನೇ ಕಲಮಿನ ಕೊನೆಯಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ ಅಂತ ಬರೆದರೆ ಅಲ್ಪವಿರಾಮ ಸಹಿ ಹಾಕುತ್ತಾರೆ. ಅವರಿಗೆ ಆ ವಾಕ್ಯ ಹೋದದ್ದು ಮೊದಲಿಂದಲೂ ಇಷ್ಟವಿಲ್ಲ. ಈ ತಿಂಗಳ ಕೊನೆಗೆ ಪಟ್ಟಿ ಮುದ್ರಣಕ್ಕೆ ಹೋಗುತ್ತದೆ. ಬರೆದು ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ.

ನೀನು ಏನೂ ಹೇಳದಿದ್ದರೆ ನಾನು ಶಾಯಿಯಲ್ಲಿ ಬರೆಯುತ್ತೇನೆ ಅಂತ ನನಗೆ ಭಯ. ಅದಕ್ಕೇ ಏನಾದರೂ ಹೇಳು.

ಕಡ್ಡಿ


ಏಪ್ರಿಲ್ ೨೪, ಮಧ್ಯಾಹ್ನ

ಕಡ್ಡಿ,

ನಿನ್ನ ಕಾಗದ ಬೆಳಿಗ್ಗೆ ಬಂತು. ಹತ್ತು ದಿನ ಹೇಗೂ ಇವತ್ತಿಗೆ ತುಂಬಿತ್ತು, ನಿನ್ನ ಮಾತಿಗಾಗಿ ನಿಯಮ ಮುರಿಯಬೇಕಾಗಲಿಲ್ಲ.

ಹೊಗೆಡಬ್ಬಿ ಹೊತ್ತಿಸಿ ಮೊದಲ ಪೆಟ್ಟಿಗೆ ತೆರೆದೆ. ಎರಡನೇ ಚೌಕಟ್ಟಿನಲ್ಲೇ ರಾಣಿ ಸಿಕ್ಕಿದಳು. ಹುಡುಕಬೇಕಾಗಲಿಲ್ಲ. ಬೆನ್ನ ಮೇಲೆ ಕೆಂಪು ಚುಕ್ಕೆ. ಎರಡನೇ ಪೆಟ್ಟಿಗೆ, ಕೆಂಪು. ಮೂರನೆಯದೂ ಕೆಂಪು. ಅಲ್ಲಿಗೆ ಗೊತ್ತಾಗಿತ್ತು, ಆದರೂ ನಿಲ್ಲಿಸಲಿಕ್ಕೆ ಆಗಲಿಲ್ಲ. ಎಲ್ಲವನ್ನೂ ತೆರೆದು ನೋಡಿದೆ. ಇದನ್ನು ನಿನಗೆ ಹೇಗೆ ಹೇಳಲಿ? ನನ್ನ ತಲೆಯ ಮೇಲೆ ಹತ್ತು ವರ್ಷ ತೂಗುತ್ತಿದೆ, ನಾನೋ ಅಂಗಳದಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದೆ, ಇಲ್ಲೂ ಇದೆಯಾ, ಇಲ್ಲೂ ಇದೆಯಾ ಅಂತ. ಎಷ್ಟು ಸಣ್ಣ ಚುಕ್ಕೆ, ಎಷ್ಟು ದುಂಡಗೆ! ರೆಕ್ಕೆಗೆ ತಾಗಿಲ್ಲ. ಅವನ ಕೈ ಇಷ್ಟು ಹಗುರ ಅಂತ ನನಗೆ ಗೊತ್ತಿರಲಿಲ್ಲ. ಮೇಣದ ಎರಿಗಳಲ್ಲಿ ಅಂಚಿನವರೆಗೆ ಜೇನು ತುಂಬಿದೆ. ನಾನು ಸಾಕಿದ್ದಕ್ಕಿಂತ ಚೆನ್ನಾಗಿ ಸಾಕಿದ್ದಾನೆ. ಒಲೆಗೆ ಹಾಕಿರುತ್ತಾನೆ ಅಂದಿದ್ದೆನಲ್ಲ.

ನನ್ನ ಹುಳದ ಸದ್ದು ನನಗೆ ಗೊತ್ತು ಅಂತಲೂ ಅಂದಿದ್ದೆ. ಅದನ್ನು ನೆನೆಸಿಕೊಂಡು ಒಬ್ಬನೇ ನಕ್ಕೆ.

ನನ್ನವು ಎಲ್ಲಿವೆಯೋ ಗೊತ್ತಿಲ್ಲ. ಯಾರ ಹೂವಿನ ಮೇಲೆ ಇದ್ದಾವೋ.

ಮೌನಿಗೆ ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ಒಂದು ನಿಮಿಷ ಬಾಯಿ ಮುಚ್ಚಿದ. ಆಮೇಲೆ, "ಹಂಗಾದ್ರೆ ನಾವು ಕಳ್ರಾ ಯಜಮಾನ್ರೇ?" ಅಂದ.

"ನಾನು ಕಳ್ಳ. ನೀನು ನಂಬಿದೋನು. ಠಾಣೇಲಿ ಹಾಗೇ ಹೇಳ್ತೀನಿ, ನಿಂಗೆ ಏನೂ ಗೊತ್ತಿರ್ಲಿಲ್ಲ ಅಂತ."

"ನಂಬಿದ್ದೆ ಅಂದ್ರೆ ಬಿಡಲ್ಲ ಅಂತ ನೀವೇ ಅಲ್ವಾ ಕಾನೂನು ಮಾಡ್ಸಿದ್ದು? ನಾನೂ ಹಾಕ್ರೀ ಹಾಕ್ರೀ ಅಂದೆ, ಬಾಯಿಗೆ ಬೀಗ ಇಲ್ದೆ." ತಲೆ ಕೆರೆದುಕೊಂಡು, "ಒಂದೇ ಕೋಣೆ ಕೊಡ್ತಾರಾ ಕೇಳಿ. ಮಾತಾಡೋಕೆ ಯಾರಾದ್ರೂ ಬೇಕಲ್ಲ" ಅಂದ.

"ಅದು ಶಿಕ್ಷೆ ಮೇಲೆ ಶಿಕ್ಷೆ ಕಣೋ" ಅಂದೆ. ಇಬ್ಬರೂ ನಕ್ಕೆವು. ಅವನ ಹೆಂಡತಿ ಗೋಡೆಯಾಚೆಯಿಂದ ಕೇಳಿಸಿಕೊಂಡು ಅಳುತ್ತಿದ್ದಳು. ಅವಳಿಗೆ ನಾನು ಏನು ಹೇಳಲಿ? ಅವನನ್ನು ಇಲ್ಲೇ ಬಿಟ್ಟು ಬೇರೆ ಲಾರಿ ಮಾಡಿಕೊಂಡು ಹೋಗುತ್ತೇನೆ ಅಂದೆ. ಕೀಲಿ ಕೊಡಲಿಲ್ಲ. "ನಾನು ತಂದದ್ದು, ನಾನೇ ಬಿಟ್ಟು ಬರ್ತೀನಿ" ಅಂದ.

ಈಗ ನಿನ್ನ ಪೆನ್ಸಿಲಿನ ವಾಕ್ಯ. ಅಳಿಸಿಬಿಡು. ಕಾಗದ ಓದುವಾಗ ಒಂದು ಗಳಿಗೆ, ಒಂದೇ ಗಳಿಗೆ, ಮನಸ್ಸು ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಳೆಯಿತು: ನಾನು ಕತ್ತಲಾಗುವುದನ್ನು ಕಾದು ಪೆಟ್ಟಿಗೆ ತಂದೆ, ಬೆಳಕಿದ್ದಾಗ ಅವನ ಮನೆ ಬಾಗಿಲು ತಟ್ಟಿ ಒಂದು ಮಾತು ಕೇಳಲಿಲ್ಲ. ನೀನೂ ಹಾಗೇ ಮಾಡಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಪ್ಪನ ಮಾನ ಹೋದರೆ ಒಬ್ಬನದು ಹೋಯಿತು, ಅದನ್ನು ಮಗಳ ಕೈಯಿಂದ ತಿದ್ದಿಸಿಕೊಂಡರೆ ಇಬ್ಬರದೂ.

ಆ ವಾಕ್ಯ ಬೇಕು. ನಾನು ಹೇಳಿದ್ದು ತಪ್ಪು. ಕಳ್ಳನ ಪಿಳ್ಳೆ ನೆವ ಗೊತ್ತಿತ್ತು, ಮೂರ್ಖನೊಬ್ಬ ನಿಜವನ್ನೇ ಹೇಳಬಹುದು ಅಂತ ಗೊತ್ತಿರಲಿಲ್ಲ. ಮುಂದಿನ ಅಧಿವೇಶನದಲ್ಲಿ ಬಾಗಿಲು ತೆರೆದಿಟ್ಟು, ಎಲ್ಲರ ಎದುರು, ಅದನ್ನು ಮತ್ತೆ ತನ್ನಿ. ಆಗ ಈ ಕಾಗದ ಓದು. 'ಒಬ್ಬ ಜೇನು ಸಾಕಣೆದಾರರು' ಅನ್ನಬೇಡ. 'ನಮ್ಮಪ್ಪ' ಅಂತಲೇ ಹೇಳಿ ಓದು. ಅದು ನನಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಬೇರೆ ಮಾತು. ನನ್ನ ಹಿಂದೆ ಇನ್ನೊಬ್ಬ ಬರುತ್ತಾನೆ.

ಇವತ್ತು ಸಂಜೆ ಪೆಟ್ಟಿಗೆಗಳನ್ನು ಹಿಂದಕ್ಕೆ ಒಯ್ಯುತ್ತೇನೆ. ಮೊದಲು ಅವನ ಹೊಲ, ಆಮೇಲೆ ಅವನ ಬಾಗಿಲು, ಆಮೇಲೆ ಠಾಣೆ. ಬಾಗಿಲಲ್ಲಿ ಏನು ಹೇಳಬೇಕು ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಹನ್ನೊಂದು ವರ್ಷದ ಮಾತು ಒಂದು ಬಾಗಿಲಿಗೆ ಹಿಡಿಸುವುದಿಲ್ಲ. 'ತಗೋ, ನಿಮ್ಮಕ್ಕನ ಪಾಲು' ಅಂದರೆ ಅವನಿಗೆ ಅರ್ಥವಾದೀತು. ಅಷ್ಟನ್ನು ಅವತ್ತೇ ನನ್ನ ಕೈಯಾರೆ ಕೊಟ್ಟಿದ್ದರೆ ಅವನು ಹೊತ್ತುಕೊಂಡು ಹೋಗಬೇಕಾಗುತ್ತಿರಲಿಲ್ಲ. ವಿಚಿತ್ರ ನೋಡು, ಹೆದರಿಕೆ ಆಗುತ್ತಿರುವುದು ಠಾಣೆಗಲ್ಲ, ಆ ಬಾಗಿಲಿಗೆ. ಮದುವೆಗೆ ಮುಂಚೆ ನಿಮ್ಮಮ್ಮನ ಮನೆಗೆ ಮೊದಲ ಸಲ ಹೋದಾಗಲೂ ಎದೆ ಹೀಗೇ ಹೊಡೆದುಕೊಂಡಿತ್ತು. ಆಗಲೂ ಬಾಗಿಲು ತೆರೆದವನು ಅವನೇ, ಇಷ್ಟುದ್ದದ ಹುಡುಗ.

ಉಗುರುಬಣ್ಣ ಕಳಿಸು. ಅವನಿಗೆ ಒಂದು ಶೀಷೆ.

ಜಾಲರಿಗಳನ್ನು ಕತ್ತರಿಸಿ ಇಟ್ಟಿದ್ದೇನೆ. ಶುಭ್ರ ಅಂಗಿ ಹಾಕಿಕೊಂಡಿದ್ದೇನೆ. ಮೌನಿ ಲಾರಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿ, ಸುಮ್ಮನೆ ಮೆಟ್ಟಿಲ ಮೇಲೆ ಕೂತಿದ್ದಾನೆ. ಬಿಸಿಲು ಇನ್ನೂ ಗೋಡೆಯ ಮೇಲೆ ಇದೆ, ಅರ್ಧ ಹುಳಗಳು ಇನ್ನೂ ಹೊರಗಿವೆ. ಈಗ ಪೆಟ್ಟಿಗೆಗಳ ಬಾಯಿ ಮುಚ್ಚಿದರೆ ಅವು ಇಲ್ಲೇ ಉಳಿದುಬಿಡುತ್ತವೆ. ಒಂದನ್ನೂ ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲವೂ ಒಳಗೆ ಬರಲಿ. ಬಂದ ಮೇಲೆ ಹೊರಡುತ್ತೇವೆ.

ನಿಮ್ಮಪ್ಪ